ಅಕಾರಾದಿ ಕ್ರಮವೂ ದತ್ತಸಂಚಯಗಳ ಪರೀಕ್ಷೆಯೂ

೧

ನಿಘಂಟಿನಲ್ಲಿ ಶಬ್ದವು ಸೇರಿರುವುದು ಒಂದು ವಿಷಯ. ಬೇಕಾದವನಿಗೆ ಅದು ನಿರೀಕ್ಷಿಸಿದ ಸ್ಥಳದಲ್ಲಿ ದೊರೆಯುವುದು ಮತ್ತೊಂದು ವಿಷಯ. ಸ್ಥಾನ ತಪ್ಪಿದ ಶಬ್ದವು ಕೋಶದಲ್ಲಿದ್ದೂ ಇಲ್ಲದಂತೆಯೇ ಸರಿ. ಅಚ್ಚಿನ ಗ್ರಂಥದಲ್ಲಾದರೆ ಓದುಗನು ಹಾಳೆಗಳನ್ನು ಮಗುಚಿ, ನೆರೆಹೊರೆಯ ಶಬ್ದಗಳ ಮೇಲೆ ಕಣ್ಣಾಡಿಸಿ ಹೇಗೋ ಅದನ್ನು ಕಂಡುಹಿಡಿಯಬಲ್ಲನು. ಗಣಕಯಂತ್ರದ ದತ್ತಸಂಚಯದಲ್ಲಿ, ಎಂದರೆ ವ್ಯವಹಾರದಲ್ಲಿ ಡೇಟಾಬೇಸ್ ಎಂದು ಹೆಸರಾದ ಸಂಗ್ರಹದಲ್ಲಿ, ಈ ಅನುಕೂಲವಿಲ್ಲ. ಕೇಳಿದ ಶಬ್ದವು ಯಂತ್ರವು ತಿಳಿದ ಕ್ರಮದಲ್ಲಿ ಕಾಣದಿದ್ದರೆ ಅದು ‘ಇಲ್ಲ’ ಎಂದು ಉತ್ತರವಿತ್ತು ಸುಮ್ಮನಾಗುವುದು. ಕೇಳಿದವನೂ ಆ ಶಬ್ದವು ಆ ಗ್ರಂಥದಲ್ಲಿ ಪ್ರಯೋಗವಾಗಿಯೇ ಇಲ್ಲವೆಂದು ನಿಶ್ಚಯಿಸಿಬಿಡುವನು.

ಶಾಸನಗಳೂ ಹಳಗನ್ನಡ ಕಾವ್ಯಗಳೂ ನಿಘಂಟುಗಳೂ ಯಂತ್ರಕ್ಕೆ ಸೇರುತ್ತಿರುವ ಇಂದಿನ ಕಾಲದಲ್ಲಿ ಈ ‘ಇಲ್ಲ’ ಎಂಬ ಉತ್ತರವು ಎಷ್ಟು ನಂಬತಕ್ಕದ್ದು ಎಂಬುದು ಸಂಶೋಧಕರು ವಿಚಾರಿಸಬೇಕಾದ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರ ಹೇಳಬೇಕಾದರೆ ಕನ್ನಡದ ಅಕ್ಷರಕ್ರಮವು ಯಾರಿಂದ, ಯಾವ ಪ್ರಯೋಜನಕ್ಕಾಗಿ ಏರ್ಪಟ್ಟಿತು, ಅದು ಯಂತ್ರಕ್ಕೆ ಹೇಗೆ ಬಂದಿತು, ಬಂದುದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಬಗೆ ಯಾವುದು ಎಂಬ ಮೂರು ಸಂಗತಿಗಳನ್ನು ಅನುಕ್ರಮವಾಗಿ ನೋಡಬೇಕಾಗುವುದು.

೨

ನಮ್ಮ ಪ್ರಾಚೀನ ಕೋಶಗಳು ಅಕಾರಾದಿಯಾಗಿ ಹುಟ್ಟಿದವುಗಳಲ್ಲ. ರನ್ನನ ಹೆಸರಿನಲ್ಲಿ ನಡೆದುಬಂದಿರುವ ‘ರನ್ನಕಂದ’ವಾಗಲಿ, ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’ವಾಗಲಿ, ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ಯಾಗಲಿ ಪದ್ಯರೂಪವಾದುವು, ಕಂಠಪಾಠಕ್ಕೆಂದು ರಚಿತವಾದುವು. ಅವುಗಳಲ್ಲಿ ಶಬ್ದಗಳ ಜೋಡಣೆಯನ್ನು ನಿಯಮಿಸುವುದು ಅರ್ಥವೂ ಛಂದಸ್ಸೂ ಆಗಿವೆ. ಸಂಸ್ಕೃತದಲ್ಲಿಯೂ ಅಮರಸಿಂಹನು ವರ್ಗಗಳಾಗಿ ಶಬ್ದಗಳನ್ನು ಹಂಚಿದನು; ‘ವಿಶ್ವಪ್ರಕಾಶ’, ‘ಮೇದಿನೀ’ ಮೊದಲಾದ ನಾನಾರ್ಥಕೋಶಗಳು ಶಬ್ದದ ಕೊನೆಯ ವ್ಯಂಜನವನ್ನು ಹಿಡಿದು ಕಾಂತ, ಖಾಂತ ಎಂದು ವಿಭಾಗ ಮಾಡಿದುವು. ಪ್ರಯೋಜನವಿದ್ದಂತೆ ಕ್ರಮ ಎಂಬುದು ಇದರಿಂದ ತಿಳಿದುಬರುವುದು. ವರ್ಣಮಾಲೆಯು ಒಂದೇ ಆದರೂ ಅದನ್ನು ಬಳಸಿ ಶಬ್ದಗಳನ್ನು ನಿಲ್ಲಿಸುವ ರೀತಿಯು ಒಂದೇ ಅಲ್ಲ.

ವರ್ಣಮಾಲೆಯ ವಿಷಯದಲ್ಲಿ ಖಚಿತವಾದ ವಿಚಾರ ಮಾಡಿದವನು ಕೇಶಿರಾಜನು. ಸುಮಾರು ೧೨೬೦ರಲ್ಲಿ ರಚಿತವಾದ ‘ಶಬ್ದಮಣಿದರ್ಪಣ’ದಲ್ಲಿ ಅವನು ಸಂಸ್ಕೃತದ ಅಕ್ಷರಗಳಿಗೆ ದೇಶೀಯವಾದ ಎ, ಒ, ಱ, ೞ, ಳ ಎಂಬುವನ್ನು ಕೂಡಿಸಿ, ಕನ್ನಡಕ್ಕೆ ಸಲ್ಲದವನ್ನು ಕಳೆದು, ಶುದ್ಧಗೆಯೆನಿಸಿದ ೪೭ ವರ್ಣಗಳನ್ನು ನಿರ್ಣಯಿಸಿದನು. ೞಕಾರವು ಳಕಾರದೊಡನೆ ಬೆರೆತುಹೋಗುತ್ತಿದ್ದುದನ್ನು ಕಂಡು, ೞಕಾರವುಳ್ಳ ಶಬ್ದಗಳನ್ನು ಆರಿಸಿ ಪಟ್ಟಿಮಾಡಿ ಕೊಟ್ಟನು. ಪ್ರಾಸ ಕೆಡದಿರಲೆಂಬ ಕವಿಪ್ರಯೋಜನಕ್ಕೆ ಹೊರಟ ಈ ಪಟ್ಟಿಯು ಮುಂದೆ ಇನ್ನೊಂದು ಪ್ರಯೋಜನಕ್ಕೂ ಒದಗತಕ್ಕದ್ದಾಗಿದೆ; ಅದನ್ನು ಕೆಳಗೆ ನೋಡಬಹುದು.

ಅಕಾರಾದಿ ಕೋಶಗಳು ಕನ್ನಡದಲ್ಲಿ ಬಲವಾಗಿ ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಯು ೧೮೨೪ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ ೧೮೩೨ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಸುಮಾರು ೭೦,೦೦೦ ಶಬ್ದಗಳನ್ನು ಒಳಗೊಂಡಿದ್ದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪೂರ್ಣವಾಯಿತು. ಇಂತಹ ಕೋಶಗಳ ಸಂಪಾದಕರು ಬಿಂದುವಿನ ಸ್ಥಾನವೆಲ್ಲಿ, ಒತ್ತಕ್ಷರದ ಸ್ಥಾನವೆಲ್ಲಿ, ಱ ೞಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ನಿಶ್ಚಯಿಸಿಕೊಳ್ಳದೆ ಒಂದು ಪುಟವನ್ನೂ ಅಚ್ಚಿಗೆ ಕಳುಹಿಸುವಂತಿರಲಿಲ್ಲ. ನಿಶ್ಚಯಿಸಿದವರು ಮನುಷ್ಯರು; ಅವರ ನಿಶ್ಚಯವನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಓದುಗರಿಗೆ ಅವಕಾಶವಿದ್ದಿತು.

೩

ಯಂತ್ರದ ಸ್ಥಿತಿ ಬೇರೆ. ಅದಕ್ಕೆ ಅಕ್ಷರದ ಪರಿಚಯವಿಲ್ಲ, ಸಂಖ್ಯೆಯ ಪರಿಚಯ ಮಾತ್ರ ಉಂಟು. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಗಳ ಸಾಲನ್ನೇ ಶಬ್ದವೆಂದು ಅದು ಇಟ್ಟುಕೊಳ್ಳುವುದು. ಬೇರೆ ಆಜ್ಞೆ ಇಲ್ಲದಿದ್ದಲ್ಲಿ ಅನೇಕ ದತ್ತಸಂಚಯಗಳು ಚಿಕ್ಕ ಸಂಖ್ಯೆಯನ್ನು ಮುಂದೆಯೂ ದೊಡ್ಡದನ್ನು ಹಿಂದೆಯೂ ನಿಲ್ಲಿಸುವುವು. ಆದುದರಿಂದ ಸಂಖ್ಯೆಗಳನ್ನು ಹಂಚಿದವರ ಕ್ರಮವೇ ಅಲ್ಲಿ ಅಕಾರಾದಿಯಾಗಿ ಪರಿಣಮಿಸುವುದು.

ಭಾರತೀಯ ಲಿಪಿಗಳಿಗೆ ಸಂಖ್ಯೆಗಳನ್ನು ಹಂಚುವ ಕಾರ್ಯವು ‘ಇಸ್ಕಿ’ ಎಂಬ ಸಂಕೇತಮಾಲೆಯಲ್ಲಿ ನಡೆಯಿತು. ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ಇದನ್ನು ೧೩೧೯೪ನೆಯ ಮಾನಕವಾಗಿ ಅಂಗೀಕರಿಸಿತು. ಬ್ರಾಹ್ಮೀಮೂಲದ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟು, ನಾಗರಿಯ ಕಕಾರಕ್ಕೆ ಯಾವ ಸ್ಥಾನವೋ ಕನ್ನಡದ ಕಕಾರಕ್ಕೂ ಅದೇ ಸ್ಥಾನ ಎಂಬುದು ಇದರ ತತ್ತ್ವ. ಅದೇ ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತಮಾಲೆಯು ಇಸ್ಕಿಯ ೧೯೮೮ರ ರೂಪವನ್ನು ಆಧಾರವಾಗಿಟ್ಟುಕೊಂಡು ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ಸಂಖ್ಯೆಗಳನ್ನು ಮೀಸಲಾಗಿಟ್ಟಿತು. ಅಕಾರವು ೩೨೦೫, ಕಕಾರವು ೩೨೨೧, ಹಕಾರವು ೩೨೫೭.

ಈ ಹಂಚಿಕೆಯು ಬಹುಮಟ್ಟಿಗೆ ನಮ್ಮ ವರ್ಣಮಾಲೆಯನ್ನೇ ಅನುಸರಿಸಿದೆ. ವಿರಾಮಚಿಹ್ನೆಗೆ ಔಕಾರದ ಗುಣಿತಚಿಹ್ನೆಯ ಮುಂದಿನ ಸಂಖ್ಯೆ ದೊರೆತಿರುವುದರಿಂದ ‘ಕೌರವ’ವಾದ ಮೇಲೆ ‘ಕ್ರಮ’, ‘ಕ್ಷಮೆ’ಗಳು ಬರುವುವು; ಇದು ಕೋಶಗಳ ಪದ್ಧತಿಗೆ ಒಪ್ಪಿಗೆಯಾದುದೇ. ಆದರೆ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟೆಂಬ ತತ್ತ್ವವು ಕನ್ನಡಕ್ಕೆ ಒಗ್ಗದ ಸ್ಥಳಗಳೂ ಇವೆ. ಅವುಗಳಲ್ಲಿ ಮೊದಲನೆಯದು ಳಕಾರ. ಶಾಲೆಯ ಬಾಲಕನೂ ‘ಶ ಷ ಸ ಹ ಳ’ ಎಂದು ಳಕಾರದಿಂದಲೇ ವರ್ಣಮಾಲೆಯನ್ನು ಮುಗಿಸುವನು. ಕೋಶಗಳಲ್ಲಿಯೂ ಅದಕ್ಕೆ ಹಕಾರದ ಆಚೆಗೇ ಸ್ಥಾನ. ಸಂಕೇತಮಾಲೆಯಲ್ಲಿ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು, ೩೨೫೧ ಎಂಬ ಸಂಖ್ಯೆಯಲ್ಲಿ ಕುಳಿತಿದೆ. ಇದರ ಫಲವಾಗಿ ‘ಕಲೆ, ಕವಿ, ಕಸ, ಕಹಿ, ಕಳೆ’ ಎಂದು ನಿಲ್ಲಬೇಕಾದ ಐದು ಶಬ್ದಗಳು ಯಂತ್ರದಲ್ಲಿ ‘ಕಲೆ, ಕಳೆ, ಕವಿ, ಕಸ, ಕಹಿ’ ಎಂದು ನಿಲ್ಲುವುವು.

ಎರಡನೆಯದು ೞಕಾರ, ಇದರ ಕಥೆ ಇನ್ನೂ ವಿಚಿತ್ರವಾದುದು. ತಮಿಳು ಮಲಯಾಳಗಳಲ್ಲಿ ಇದಕ್ಕೆ ಸಮಾನವಾದ ಅಕ್ಷರವು ಳಕಾರದ ಮುಂದಿನ ಸ್ಥಾನದಲ್ಲಿದೆ. ಕನ್ನಡದ ಪಂಕ್ತಿಯಲ್ಲಿ ಅದಕ್ಕೆ ಸರಿಯಾದ ೩೨೫೨ನೆಯ ಸ್ಥಾನವು ಇಂದಿಗೂ ಬರಿದಾಗಿದೆ. ೞಕಾರವನ್ನು ಗುಣಿತಚಿಹ್ನೆಗಳೆಲ್ಲ ಮುಗಿದ ಮೇಲೆ ೩೨೯೪ರಲ್ಲಿ ಇರಿಸಿ, ಅದಕ್ಕೆ ‘ಫ’ ಎಂಬ ಪರಕೀಯ ಧ್ವನಿಯ ಹೆಸರನ್ನು ಇಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ ತಪ್ಪು ತಿಳಿದ ಮೇಲೂ ಮೂಲ ನಾಮವು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಮಾತ್ರ ಸೇರಿಸಲಾಗಿದೆ. ಹೆಸರಿನ ದೋಷವು ಓದುಗನನ್ನು ಬಾಧಿಸದು; ಸ್ಥಾನದ ದೋಷವು ಬಾಧಿಸುವುದು. ಹೇಗೆಂದರೆ, ಸಂಖ್ಯಾಕ್ರಮದಲ್ಲಿ ‘ಮೞೆ’ ಎಂಬ ಶಬ್ದವು ‘ಮಹಿಮೆ’ಯ ನಂತರವೂ ಅಲ್ಲ, ‘ಮಳಲ್’ ಎಂಬುದರ ಬಳಿಯೂ ಅಲ್ಲ, ‘ಮೌನ’, ‘ಮ್ಲಾನ’ಗಳನ್ನೂ ದಾಟಿ ಮಕಾರದ ಶಬ್ದಗಳೆಲ್ಲ ತೀರಿದ ಮೇಲೆ ಬರುವುದು. ಹಳಗನ್ನಡ ಕಾವ್ಯವೊಂದರ ಶಬ್ದಸೂಚಿಯನ್ನು ಈ ಕ್ರಮದಲ್ಲಿ ಅಚ್ಚುಮಾಡಿದರೆ ೞಕಾರದ ಶಬ್ದಗಳನ್ನು ಯಾವ ಓದುಗನೂ ಅಲ್ಲಿ ಹುಡುಕಲಾರನು.

೪

ಸಂಖ್ಯೆಯೇ ಕ್ರಮವಾಗಬಾರದೆಂಬುದು ಯೂನಿಕೋಡಿನ ಕರ್ತರಿಗೂ ತಿಳಿದಿದ್ದಿತು. ಆದುದರಿಂದ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಸಂಕೇತಸಂಖ್ಯೆಗಿಂತ ಬೇರೆಯಾದ ‘ತೂಕ’ಗಳನ್ನು ಅಕ್ಷರಗಳಿಗೆ ಗೊತ್ತುಮಾಡಿ, ಶಬ್ದಗಳನ್ನು ಹಂತಹಂತವಾಗಿ ಹೋಲಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಮೊದಲ ಹಂತದಲ್ಲಿ ಮೂಲಾಕ್ಷರದ ಭೇದ, ಎರಡನೆಯದರಲ್ಲಿ ಉಪಚಿಹ್ನೆಗಳ ಭೇದ, ಮೂರನೆಯದರಲ್ಲಿ ರೂಪಭೇದ ಎಂದು ಸ್ಥೂಲವಾಗಿ ಹೇಳಬಹುದು. ಈ ಸಾಮಾನ್ಯ ಕೋಷ್ಟಕದಲ್ಲಿ ಕನ್ನಡದ ಳಕಾರವು ಹಕಾರದ ಆಚೆಗೆ ಬಂದು, ಅದರ ಬೆನ್ನಿಗೆ ೞಕಾರವು ನಿಂತಿದೆ. ಱಕಾರವು ರೇಫದ ಪಕ್ಕದಲ್ಲಿದೆ. ಕೇಶಿರಾಜನು ದೇಶೀಯವೆಂದು ಬೇರ್ಪಡಿಸಿದ ಅಕ್ಷರಗಳಲ್ಲಿ ಮೂರಕ್ಕೆ ಹೀಗೆ ಕನ್ನಡದ ಸಂಪ್ರದಾಯಕ್ಕೆ ಅನುಗುಣವಾದ ಸ್ಥಾನವು ದೊರೆತಂತಾಯಿತು.

ಅನುಸ್ವಾರ ವಿಸರ್ಗಗಳು ಸಾಮಾನ್ಯ ಕೋಷ್ಟಕದಲ್ಲಿ ಸ್ವರಗಳಿಗಿಂತ ಮುಂದೆ ಇವೆ. ಭಾಷೆಗಳ ವಿಶೇಷಗಳನ್ನು ಸಂಗ್ರಹಿಸುವ ಯೂನಿಕೋಡಿನ ಇನ್ನೊಂದು ಭಂಡಾರದಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ವಿಧಿಯಿದ್ದು, ಔಕಾರವಾದ ಮೇಲೆ ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳು ಬರಬೇಕೆಂದು ಹೇಳಿದೆ. ‘ಅಂ ಅಃ’ ಎಂದು ಸ್ವರಗಳ ಕೊನೆಯಲ್ಲಿ ಹೇಳುವ ನಮ್ಮ ರೂಢಿಗೆ ಇದು ಸಮ್ಮತವಾದುದು. ಆದರೂ ಬಿಂದುವಿನ ಪ್ರಶ್ನೆ ಇಲ್ಲಿಗೆ ಮುಗಿಯದು. ಮೋನಿಯರ್ ವಿಲಿಯಮ್ಸರ ಸಂಸ್ಕೃತ ಕೋಶದಲ್ಲಿ ವರ್ಗೀಯ ವ್ಯಂಜನದ ಹಿಂದಿನ ಬಿಂದುವನ್ನು ಆಯಾ ವರ್ಗದ ಅನುನಾಸಿಕವೆಂದೇ ಎಣಿಸಿದೆ. ಆ ಪದ್ಧತಿಯಲ್ಲಿ ‘ಅಂಕ’ವು ‘ಅಙ್ಕ’ವಾಗಿ, ‘ಅಘ’ದ ನಂತರ ಬರುವುದು. ಬಿಂದುವನ್ನು ಸ್ವತಂತ್ರ ಚಿಹ್ನೆಯೆಂದು ಎಣಿಸಿದರೆ ಅದೇ ಶಬ್ದವು ‘ಅಕಾಲ’ಕ್ಕಿಂತಲೂ ಮುಂದೆ ಬರುವುದು. ತಾಳೆಯೋಲೆಯಲ್ಲಿಯೂ ಶಾಸನದಲ್ಲಿಯೂ ಎರಡು ಬರವಣಿಗೆಗಳೂ ಕಾಣುವುದರಿಂದ, ‘ಅಂಕ’ ಎಂದು ಕೇಳಿದವನಿಗೆ ‘ಅಙ್ಕ’ವೂ ದೊರೆಯಬೇಕೇ ಬೇಡವೇ ಎಂಬುದನ್ನು ಸಂಪಾದಕನೇ ಹೇಳಬೇಕು.

ವ್ಯಂಜನಾಂತ ಶಬ್ದಗಳದೂ ಇದೇ ಬಗೆಯ ಪ್ರಶ್ನೆ. ವಿರಾಮಚಿಹ್ನೆಯು ಗುಣಿತಗಳ ಕೊನೆಯಲ್ಲಿದ್ದರೆ ‘ಕಲ, ಕಲಾ, ಕಲಿ, ಕಲೆ’ಗಳಾದ ಮೇಲೆ ‘ಕಲ್’ ಬರುವುದು. ಅದರ ಬೆನ್ನಿಗೆ ‘ಕಲ್ಲು’ ನಿಲ್ಲುವುದು ಹೊಸಗನ್ನಡದ ಓದುಗನಿಗೆ ಅನುಕೂಲವೇ. ಸ್ವರವಿಲ್ಲದ ವ್ಯಂಜನವೇ ಮೂಲ, ಅದಕ್ಕೆ ಸ್ವರ ಕೂಡಿದುದೇ ಗುಣಿತ ಎಂಬ ವೈಯಾಕರಣರ ಮತವನ್ನು ಹಿಡಿದರೆ ‘ಕಲ್’ ಎಂಬುದು ‘ಕಲ’ಕ್ಕಿಂತ ಮುಂದೆ ಬರತಕ್ಕದ್ದು. ಎರಡಕ್ಕೂ ಯುಕ್ತಿಯುಂಟು. ಒಂದೇ ಸಂಗ್ರಹದಲ್ಲಿ ಎರಡೂ ಬೆರೆತಿರಬಾರದು ಎಂಬುದಷ್ಟೇ ನಿಯಮ.

೫

ಕ್ರಮಕ್ಕಿಂತ ಗುಟ್ಟಾದ ಇನ್ನೊಂದು ತೊಡಕು ಸಮಾನತೆಯದು. ಕಣ್ಣಿಗೆ ಒಂದೇ ಆಗಿ ಕಾಣುವ ಶಬ್ದವು ಯಂತ್ರದಲ್ಲಿ ಎರಡು ವಿಧವಾದ ಸಂಖ್ಯೆಗಳ ಸಾಲಾಗಿರಬಹುದು. ‘ಕೋಟೆ’ಯ ಓತ್ವವನ್ನು ಒಂದೇ ಸಂಖ್ಯೆಯಿಂದ ಬರೆಯಬಹುದು, ಎತ್ವ, ಊತ್ವದ ಚಿಹ್ನೆ, ದೀರ್ಘಚಿಹ್ನೆ ಎಂಬ ಮೂರು ಸಂಖ್ಯೆಗಳಿಂದಲೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ವಿಧಿಸಿದೆ. ಹೀಗಿದ್ದರೂ ಬರಿಯ ಸಂಖ್ಯೆಯನ್ನು ನೋಡುವ ದತ್ತಸಂಚಯದಲ್ಲಿ ಇವು ಎರಡು ಬೇರೆ ಶಬ್ದಗಳು. ಎರಡನೆಯ ಬಗೆಯ ‘ಕೋಟೆ’ಯು ‘ಕೆ’ಕಾರದ ಶಬ್ದಗಳ ತುದಿಯಲ್ಲಿ ಅಡಗಿ ಕುಳಿತಿರುವುದು. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದಲೂ, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟೂ ಬರೆಯುವ ರೂಢಿಯಿದೆ. ಎರಡನೆಯ ರೂಪವು ಬರಲೆಂದು ಕಣ್ಣಿಗೆ ಕಾಣದ ಒಂದು ಸಂಯೋಜಕಚಿಹ್ನೆಯನ್ನು ನಡುವೆ ಸೇರಿಸುವರು. ಆ ಅದೃಶ್ಯ ಚಿಹ್ನೆಯಿಂದಾಗಿ ಸೂರ್ಯನು ಇಬ್ಬರಾಗುವನು.

ಅಕ್ಷರಗಳನ್ನು ಎಣಿಸುವುದರಲ್ಲಿಯೂ ಎಚ್ಚರ ಬೇಕು. ಛಂದಸ್ಸನ್ನು ಕಲಿಸುವ ಅಧ್ಯಾಪಕನಿಗೆ ‘ಶಾಸ್ತ್ರ’ ಎಂಬುದರಲ್ಲಿ ಅಕ್ಷರಗಳು ಎರಡು. ಯಂತ್ರದ ಸಂಕೇತಗಳಲ್ಲಿ ಅದು ಏಳು. ಯುಟಿಎಫ್–೮ ಎಂಬ ಬಹುಪ್ರಚಾರದ ರೂಪದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ೨೧ ಬೈಟುಗಳು. ೧೮ ಬೈಟುಗಳಷ್ಟೇ ಎಡೆಯಿರುವ ಅಂಕಣದಲ್ಲಿ ಅದನ್ನು ಕತ್ತರಿಸಿ ತುಂಬಿದರೆ ರೇಫವು ಬಿದ್ದುಹೋಗಿ ‘ಶಾಸ್ತ್’ ಎಂದು ಉಳಿಯುವುದು. ಅಂಕಿಗಳ ವಿಷಯವೂ ಹೀಗೆಯೇ: ಕನ್ನಡ ಅಂಕಿಗಳಲ್ಲಿ ಬರೆದ ಶಕವರ್ಷವನ್ನು ಅರಬ್ಬೀ ಅಂಕಿಗಳಲ್ಲಿ ಹುಡುಕಿದವನಿಗೆ ಅದು ದೊರೆಯುವುದೇ ಎಂದು ನೋಡಬೇಕು. ಸಾಮಾನ್ಯ ಕೋಷ್ಟಕವು ಎರಡಕ್ಕೂ ಮೊದಲ ಹಂತದಲ್ಲಿ ಒಂದೇ ತೂಕವನ್ನು ಕೊಟ್ಟಿದೆ. ದತ್ತಸಂಚಯವು ಆ ಕೋಷ್ಟಕವನ್ನು ಬಳಸದಿದ್ದರೆ ಫಲವಿಲ್ಲ.

ತಂತ್ರಾಂಶಗಳ ಕರ್ತರು ಈ ತೊಡಕುಗಳನ್ನು ಕ್ರಮೇಣ ಪರಿಹರಿಸುತ್ತ ಬಂದಿದ್ದಾರೆ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಚಯವು ೨೦೧೭ರ ೧೦ನೆಯ ಆವೃತ್ತಿಯಲ್ಲಿ ಯೂನಿಕೋಡಿನ ಭಾಷಾಕ್ರಮಗಳನ್ನು ಒದಗಿಸುವ ಗ್ರಂಥಾಲಯವನ್ನು ಅಳವಡಿಸಿಕೊಂಡಿತು; ೨೦೧೯ರ ೧೨ನೆಯ ಆವೃತ್ತಿಯಲ್ಲಿ, ಸಂಖ್ಯೆಗಳು ಬೇರೆಯಾದರೂ ಭಾಷಾದೃಷ್ಟಿಯಿಂದ ಒಂದೇ ಆದ ಶಬ್ದಗಳನ್ನು ಒಂದೆಂದು ಎಣಿಸುವ ಅವಕಾಶವನ್ನು ಕೊಟ್ಟಿತು; ೨೦೨೦ರ ೧೩ನೆಯದರಲ್ಲಿ ಎರಡು ಬಗೆಯ ‘ಕೋಟೆ’ಗಳನ್ನು ಒಂದೇ ರೂಪಕ್ಕೆ ತರುವ ಸಾಧನವನ್ನು ಸೇರಿಸಿತು. ಕೈಫೋನುಗಳಲ್ಲಿಯೂ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಎಂಬ ಚಿಕ್ಕ ದತ್ತಸಂಚಯವಾದರೋ ಪ್ರತ್ಯೇಕವಾದ ಜೋಡಣೆಯಿಲ್ಲದೆ ಇಂದಿಗೂ ಸಂಖ್ಯಾಕ್ರಮವನ್ನೇ ಅನುಸರಿಸುವುದು.

ಸುಧಾರಣೆಯಿಂದಲೇ ಹಾನಿಯಾಗುವ ಸಂದರ್ಭವೂ ಉಂಟು. ಲಿನಕ್ಸ್ ಯಂತ್ರಗಳ ಮೂಲಗ್ರಂಥಾಲಯವಾದ ಜಿಲಿಬ್‌ಸಿಯು ೨೦೧೮ರ ೨.೨೮ನೆಯ ಆವೃತ್ತಿಯಲ್ಲಿ ತನ್ನ ಕ್ರಮಕೋಷ್ಟಕವನ್ನು ಅಂತಾರಾಷ್ಟ್ರೀಯ ಮಾನಕದ ಹೊಸ ರೂಪಕ್ಕೆ ಹೊಂದಿಸಿತು. ಅದನ್ನು ನೆಚ್ಚಿದ್ದ ದತ್ತಸಂಚಯಗಳಲ್ಲಿ ಹಳೆಯ ಕ್ರಮದಿಂದ ಕಟ್ಟಿದ ಸೂಚಿಗಳು ಹಾಗೆಯೇ ಉಳಿದು, ಹುಡುಕಾಟವು ಹೊಸ ಕ್ರಮದಿಂದ ನಡೆಯಿತು. ಪುಸ್ತಕಭಂಡಾರದ ಚೀಟಿಗಳನ್ನು ಒಬ್ಬನು ಒಂದು ಕ್ರಮದಲ್ಲಿ ಜೋಡಿಸಿ ಹೋಗಿ, ಅವನ ಸ್ಥಾನಕ್ಕೆ ಬಂದವನು ಮತ್ತೊಂದು ಕ್ರಮವೆಂದು ಬಗೆದು ಹುಡುಕಿದರೆ ಆಗುವಂತೆಯೇ, ಇದ್ದ ದಾಖಲೆಗಳು ಇಲ್ಲವೆಂದು ತೋರಿದುವು. ಸೂಚಿಗಳನ್ನು ಮತ್ತೆ ಕಟ್ಟಬೇಕಾಯಿತು.

೬

ಹೀಗಿರುವುದರಿಂದ ‘ಯಂತ್ರಕ್ಕೆ ಕನ್ನಡ ಬರುವುದು’ ಎಂಬ ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪತಕ್ಕದ್ದಲ್ಲ. ಪರೀಕ್ಷೆಯ ಬಗೆ ಸರಳವಾದುದು. ಮೊದಲು ಭಾಷಾಜ್ಞರು ಶಬ್ದಗಳನ್ನು ಆರಿಸಿ, ಅವುಗಳ ಸರಿಯಾದ ಕ್ರಮವನ್ನೂ ಯಾವುವು ಸಮಾನ ಯಾವುವು ಭಿನ್ನ ಎಂಬುದನ್ನೂ ಮುಂಚಿತವಾಗಿಯೇ ಬರೆದಿಡಬೇಕು. ಬಳಿಕ ಅವನ್ನು ಕಲಸಿ ದತ್ತಸಂಚಯಕ್ಕೆ ತುಂಬಿ, ಕ್ರಮವಾಗಿ ಕೊಡೆಂದು ಕೇಳಿ, ಬಂದ ಉತ್ತರವನ್ನು ಬರೆದಿಟ್ಟುದರೊಡನೆ ಹೋಲಿಸಬೇಕು. ತಂತ್ರಾಂಶದ ಆವೃತ್ತಿ ಬದಲಾದಾಗಲೆಲ್ಲ ಇದನ್ನು ಪುನಃ ನಡೆಸಬೇಕು. ಉತ್ತರವನ್ನು ನೋಡಿದ ಮೇಲೆ ‘ಇದೇ ಸರಿ’ ಎಂದು ಒಪ್ಪಿಕೊಳ್ಳುವುದು ಪರೀಕ್ಷೆಯೆನಿಸದು.

ಇಂಗ್ಲಿಷಿಗಾಗಿ ಸಿದ್ಧಪಡಿಸಿದ ಪರೀಕ್ಷೆಗಳು ಇಲ್ಲಿ ಸಾಲವು. ಅವು ಹೆಚ್ಚಾಗಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ನೋಡುವುವು. ಕನ್ನಡದಲ್ಲಿ ಆ ಭೇದವೇ ಇಲ್ಲ. ನಮಗೆ ಬೇಕಾದುದು ‘ಕವಿ’ ‘ಕಳೆ’ಗಳಂತಹ ಕ್ರಮಪರೀಕ್ಷೆಯ ಶಬ್ದಗಳು, ‘ಅಂಕ’ ‘ಅಙ್ಕ’ಗಳಂತಹ ಬರವಣಿಗೆಯ ಜೋಡಿಗಳು, ಇವೆಲ್ಲಕ್ಕಿಂತ ಮುಖ್ಯವಾಗಿ ಅರ್ಥಭೇದವನ್ನು ಹೊತ್ತ ಹಳಗನ್ನಡದ ಜೋಡಿಗಳು. ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ತೆಱೆ’ ಎಂದರೆ ಬಿಚ್ಚು, ‘ತೆರೆ’ ಎಂದರೆ ಅಲೆ. ವಿದ್ಯಾರ್ಥಿಯು ‘ಮಳೆ’ ಎಂದು ಹುಡುಕಿದಾಗ ‘ಮೞೆ’ಯೂ ದೊರೆಯಬೇಕಾದುದು ನ್ಯಾಯ, ಆದರೆ ಕತ್ತಿಯ ಪ್ರಯೋಗಗಳನ್ನು ಎಣಿಸುವ ಸಂಶೋಧಕನಿಗೆ ಬಾಳುವೆಯ ಪ್ರಯೋಗಗಳು ಬೆರೆತು ಬಂದರೆ ಲೆಕ್ಕವೇ ಕೆಡುವುದು. ಸಾಮಾನ್ಯ ಕೋಷ್ಟಕವು ಳ ೞಗಳನ್ನು ಮೊದಲ ಹಂತದಲ್ಲಿಯೇ ಭಿನ್ನವೆಂದು ಎಣಿಸುವುದರಿಂದ ಅದು ಸಂಶೋಧಕನ ಪಕ್ಷದಲ್ಲಿದೆ. ವಿದ್ಯಾರ್ಥಿಗಾಗಿ ಬೇರೊಂದು ಸಡಿಲವಾದ ವಿಧಿಯನ್ನು ಸೇರಿಸಬೇಕಾಗುವುದು. ಇಂತಹ ವಿಧಿಗೆ ಬೇಕಾದ ಶಬ್ದಗಳಲ್ಲಿ ಬಹುಭಾಗವನ್ನು ಕೇಶಿರಾಜನ ೞಕಾರದ ಪಟ್ಟಿಯೇ ಒದಗಿಸಬಲ್ಲದು.

ಬಳಕೆ ತಪ್ಪಿದ ಅಕ್ಷರಗಳಿಗಾಗಿ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಬಳಕೆ ತಪ್ಪಿದುದು ಇಂದಿನ ಬರವಣಿಗೆಯಲ್ಲಿ. ಶಾಸನಗಳಲ್ಲಿಯೂ ಪಂಪರನ್ನರಲ್ಲಿಯೂ ಅವು ಪ್ರತಿಪದ್ಯದಲ್ಲೆಂಬಂತೆ ಇವೆ. ಹಳೆಯ ಬರವಣಿಗೆ ಯಂತ್ರಕ್ಕೆ ಸೇರುತ್ತಿರುವುದಕ್ಕೆ ೨೦೨೧ರಲ್ಲಿ ನಕಾರಪೊಲ್ಲಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದೇ ಸಾಕ್ಷಿ. ಅಂತಾರಾಷ್ಟ್ರೀಯ ಮಾನಕವಿರುವಾಗ ನಮ್ಮ ನಿರ್ಣಯವೇಕೆಂಬ ಪ್ರಶ್ನೆಗೂ ಸಮಾಧಾನವುಂಟು: ಆಯಾ ಭಾಷೆಯವರು ತಮ್ಮ ವಿಧಿಯನ್ನು ಸೇರಿಸಿಕೊಳ್ಳಬೇಕೆಂದು ಆ ಮಾನಕವೇ ಎಡೆಬಿಟ್ಟುಕೊಟ್ಟಿದೆ. ಎಡೆಯನ್ನು ತುಂಬಬೇಕಾದವರು ತಂತ್ರಜ್ಞರು ಮಾತ್ರವಲ್ಲ. ಬಿಂದುವಿನ ಸ್ಥಾನ, ವ್ಯಂಜನಾಂತದ ಸ್ಥಾನ, ಱ ೞಗಳ ಭೇದಾಭೇದ ಎಂಬ ಮೂರು ವಿಷಯಗಳಲ್ಲಿ ಕೋಶಕಾರರೂ ವೈಯಾಕರಣರೂ ಕೂಡಿ ನಿರ್ಣಯ ಮಾಡಿ, ಉದಾಹರಣೆಯ ಶಬ್ದಪಟ್ಟಿಯೊಡನೆ ಪ್ರಕಟಿಸಿದರೆ, ಕನ್ನಡದ ದತ್ತಸಂಚಯಗಳನ್ನು ಒರೆಗೆ ಹಚ್ಚುವುದಕ್ಕೆ ಒಂದು ಪ್ರಮಾಣವು ಏರ್ಪಡುವುದು. ಆವರೆಗೆ ಯಂತ್ರವು ‘ಇಲ್ಲ’ ಎಂದುದನ್ನು ಆಧಾರವಾಗಿಟ್ಟುಕೊಂಡು ಯಾವ ಶಬ್ದದ ಪ್ರಯೋಗಾಭಾವವನ್ನೂ ಸಿದ್ಧಾಂತಪಡಿಸದಿರುವುದು ಲೇಸು.